ಮಡ್‌ಗಾರ್ಡ್ ಬಿಚ್ಚಿದ ಗಾಡಿ

ಅಣ್ಣ ಬೈಕಿನ ಹಿಂದಿನ ಮಡ್‌ಗಾರ್ಡ್ ಬಿಚ್ಚಿ ಹಾಕಿದ್ದು ಬೇಸಿಗೆಯಲ್ಲಿ. ಆಗ ಯಾರಿಗೂ ತೊಂದರೆಯಾಗಲಿಲ್ಲ. ಮಳೆಯಲ್ಲೂ ತಂಪು ಕನ್ನಡಕ ತೆಗೆಯದ ಅವನ ಗೆಳೆಯ ಗಾಗಲ್, ಗಾಡಿಯನ್ನು ಒಂದು ಸುತ್ತು ಹಾಕಿ, "ಈಗ ನೋಡು, ಗಾಡಿ ಅಂದ್ರೆ ಇದು! ಮೊದ್ಲು ಹಾಲಿನವನ ಗಾಡಿ ಇದ್ದಂಗಿತ್ತು" ಎಂದ. ಅಣ್ಣ ಹಿಗ್ಗಿ ಹೀರೇಕಾಯಿಯಾದ. ಅಮ್ಮ ಆ ಮಡ್‌ಗಾರ್ಡನ್ನು ಬಚ್ಚಲ ಪಕ್ಕ ಅಂಗಾತ ಇಟ್ಟು ಸೋಪು, ಬ್ರಷ್ಷು ಹಾಕಿಕೊಂಡಳು.

ಮಳೆ ಹಿಡಿದ ಮೇಲೆ ಅನುಭವಿಸಿದವಳು ನಾನು. ಅಣ್ಣ ಕೆಲಸ ಮಾಡುವ ಫೋನ್ ಅಂಗಡಿ ಇರುವ ಬೀದಿಯಲ್ಲೇ ನಾನು ಕೆಲಸಕ್ಕೆ ಹೋಗುವ ಹೊಲಿಗೆ ಅಂಗಡಿಯೂ. ಹೋಗುವಾಗ ಬರುವಾಗ ಅವನ ಹಿಂದೆ ಕೂರುವವಳು ನಾನೇ. ಚಕ್ರ ರಸ್ತೆಯಲ್ಲಿದ್ದದ್ದನ್ನೆಲ್ಲ ಎತ್ತಿ ನನ್ನ ಬೆನ್ನಿಗೆ ಎರಚುತ್ತಿತ್ತು. ಬರೀ ಕೆಸರಾಗಿದ್ದರೆ ಸಹಿಸಬಹುದಿತ್ತು. ನಮ್ಮ ದಾರಿ ಇರುವುದು ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಚರಂಡಿ ಯಾವುದು, ರಸ್ತೆ ಯಾವುದು ಎಂದು ಗೊತ್ತಾಗುವುದಿಲ್ಲ. ಮೀನು ತೊಳೆದ ನೀರು, ಕೊಳೆತ ಸೊಪ್ಪು, ನಾಯಿಯದ್ದೋ ಮನುಷ್ಯರದ್ದೋ ಎಂದು ಯೋಚಿಸಲೂ ಬಾರದಂಥದ್ದು, ಎಲ್ಲ ಸೇರಿ ಸೊಂಟದಿಂದ ಜಡೆಯವರೆಗೆ ಒಂದೇ ಪಟ್ಟೆ. ಲೋಳೆಯಂಥ ಹನಿ ಕುತ್ತಿಗೆಯೊಳಗೆ ಇಳಿದರೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಬೇರೆ ಬಟ್ಟೆ ಒಯ್ದು ಬದಲಿಸಿಯೂ ನೋಡಿದೆ. ಜಡೆಯ ನಾತವನ್ನು ಬದಲಿಸುವುದು ಹೇಗೆ? ಆ ಕಡೆ ಬಸ್ಸಿಲ್ಲ. ನಡೆದು ಹೋಗಬೇಕೆಂದರೆ ಕತ್ತಲಲ್ಲೇ ಹೊರಡಬೇಕು, ಅದಕ್ಕೆ ಅಮ್ಮ ಬಿಡುವುದಿಲ್ಲ.

ನಾವು ಹೊಲಿಯುವುದು ಆಸ್ಪತ್ರೆಯವರ ಬಿಳಿ ಕೋಟು. ಶಾಲೆ ಬಿಟ್ಟಾಗಿನಿಂದ ನಾನು ಹಿಂದಿನ ಕೋಣೆಯಲ್ಲಿ ಗುಂಡಿ ಹಾಕುತ್ತಿದ್ದೆ. ಕಿಟಕಿ ಪಕ್ಕದ ಮಿಷನ್ನಿನ ಅಕ್ಕ ಕೆಲಸ ಬಿಟ್ಟ ಮೇಲೆ ಆ ಜಾಗದ ಮೇಲೆ ನನ್ನ ಕಣ್ಣು. ಊಟದ ಹೊತ್ತಿನಲ್ಲಿ ಚೂರುಬಟ್ಟೆಗಳ ಮೇಲೆ ಹೊಲಿದು ಕಲಿತಿದ್ದೆ. ಅದನ್ನು ಕಂಡು ಅಂಗಡಿ ನಡೆಸುವ ಮೇಡಂ ಒಂದು ದಿನ ಕರೆದರು. ನನ್ನ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೂಗಿಗೆ ಕರ್ಚೀಫು ಒತ್ತಿಕೊಂಡು, "ತಿರುಗು" ಎಂದರು.

ತಿರುಗಿದೆ.

"ಕೈ ಚೆನ್ನಾಗಿದೆ. ಆದ್ರೆ ಇದೇನಮ್ಮಾ, ಚರಂಡೀಲಿ ಮಲಗಿ ಎದ್ದು ಬಂದಂಗಿದೆ! ನಾಳೆ ಶುಚಿಯಾಗಿ ಬಂದ್ರೆ ಮಿಷನ್ ನಿಂದು. ಇಲ್ಲಾಂದ್ರೆ ಇನ್ನೊಬ್ಬಳನ್ನ ಕೂರಿಸ್ತೀನಿ."

ಆ ಸಂಜೆ ಅಣ್ಣ ಕನ್ನಡಿಯ ಮುಂದೆ ನಿಂತು ತಲೆಗೆ ಅಂಟಂಟಾದ ಎಣ್ಣೆ ಮೆತ್ತಿಕೊಳ್ಳುತ್ತಿದ್ದ.

"ಅಣ್ಣಾ, ಮಳೆಗಾಲ ಮುಗಿಯೋವರೆಗೆ ಮಡ್‌ಗಾರ್ಡ್ ಹಾಕ್ಬಿಡೋ. ನಾಳೆ ಗಲೀಜಾಗಿ ಹೋದ್ರೆ ಮಿಷನ್ ಸಿಗಲ್ಲ."

"ಭಾನುವಾರ ಹುಡುಗ್ರೆಲ್ಲ ಗಾಡಿ ತರ್ತಾರೆ. ನಾನೊಬ್ಬ ಬಾಲ ಅಂಟಿಸ್ಕೊಂಡು ಹೋಗ್ಲಾ?" ಮಂಚದ ಕೆಳಗಿನಿಂದ ಒಂದು ಹಳೇ ಪ್ಲಾಸ್ಟಿಕ್ ಚೀಲ ಎಳೆದು ನನ್ನ ಬೆನ್ನಿಗೆ ಹಿಡಿದ. "ಅಮ್ಮಾ, ನೋಡಿಲ್ಲಿ. ಗಾಡಿಗ್ಯಾಕೆ, ಇವಳಿಗೇ ಮಡ್‌ಗಾರ್ಡ್ ಕಟ್ಟಿದ್ರಾಯ್ತು!"

ಅಮ್ಮ ನಕ್ಕಳು. "ಅವನ ಗಾಡಿ, ಅವನಿಷ್ಟ ಕಣೇ. ಪುಕ್ಕಟೆ ಕೂತ್ಕೊಂಡು ಹೋಗ್ತೀಯಲ್ಲ, ಸಾಲ್ದಾ?"

ಚೀಲದಿಂದ ಇಲಿಯ ವಾಸನೆ ಬರುತ್ತಿತ್ತು. ನಾನು ಅದನ್ನು ಕಿತ್ತು ಮಂಚದ ಕೆಳಗೆ ತಳ್ಳಿದೆ.

ಬೆಳಿಗ್ಗೆ ಅಣ್ಣ ಬಾಯಿ ತೆರೆದು ಮಲಗಿದ್ದಾಗ, ಮಡ್‌ಗಾರ್ಡಿನಿಂದ ಸೋಪು ಬ್ರಷ್ಷು ತೆಗೆದಿಟ್ಟು, ನಾನೇ ಬೈಕಿಗೆ ಜೋಡಿಸಿದೆ. ಅವನು ಬಿಚ್ಚುವಾಗ ಬೋಲ್ಟು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವಳು ನಾನೇ. ಯಾವುದು ಎಲ್ಲಿಯದೆಂದು ಗೊತ್ತಿತ್ತು. ಅಣ್ಣ ಎದ್ದು ನೋಡಿ ಕೆಂಡವಾದ. ಆದರೆ ಅವನಿಗೂ ತಡವಾಗಿತ್ತು. ಬೈಯುತ್ತಲೇ ಗಾಡಿ ಹೊರಡಿಸಿದ.

ಮಾರುಕಟ್ಟೆಯ ಹಿಂದೆ ಬಂದಾಗ ಚಕ್ರ ಎತ್ತಿದ ಕೊಳಕೆಲ್ಲ ಮಡ್‌ಗಾರ್ಡಿನ ಅಡಿಗೆ ಪಟಪಟ ಬಡಿದು ಅಲ್ಲೇ ನಿಂತಿತು. ನನ್ನ ಬೆನ್ನು ಶುಚಿಯಾಗಿಯೇ ಇತ್ತು. ಆ ರಾಡಿ ರಸ್ತೆಯ ನಡುವೆ ಟೀ ಅಂಗಡಿ. ಅಲ್ಲಿ ಗಾಗಲ್ ನಿಂತಿದ್ದ.

"ಏನಪ್ಪಾ, ಹಾಲು ಹಾಕೋಕೆ ಹೊರಟ್ಯಾ? ನಮ್ಮನೆಗೂ ಅರ್ಧ ಲೀಟರು!"

ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಅಣ್ಣನ ಕಿವಿ ಕೆಂಪಾಯಿತು. "ಇಳಿಯೇ" ಎಂದ. ಸೀಟಿನಡಿಯಿಂದ ಸ್ಪ್ಯಾನರ್ ತೆಗೆದು, ಎಲ್ಲರ ಮುಂದೆ ಮಡ್‌ಗಾರ್ಡ್ ಬಿಚ್ಚಿ ನನ್ನ ಕೈಗೆ ತುರುಕಿದ. "ತಗೋ ನಿನ್ನ ಆಸ್ತಿ. ಹತ್ತು."

ಅದರ ಅಡಿಯಲ್ಲಿ ಕಪ್ಪು ರಾಡಿ. ರಾಡಿಯಲ್ಲಿ ಮೀನಿನ ಕರುಳೊಂದು ಜೋತಾಡುತ್ತಿತ್ತು. ಇಷ್ಟು ದಿನ ನಾನು ಬೆನ್ನ ಮೇಲೆ ಹೊತ್ತದ್ದು ಇದನ್ನು.

"ನಾನು ಹತ್ತಲ್ಲ."

"ಏನಂದೆ?"

ತಿರುಗಿ ನಡೆದೆ. ಮಡ್‌ಗಾರ್ಡನ್ನು ಬಿಟ್ಟರೆ ಚರಂಡಿಗೆ ಎಸೆಯುತ್ತಾನೆಂದು ಅದನ್ನೂ ಹೊತ್ತೊಯ್ದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅದು, ಮೈಗೆ ತಾಗದಂತೆ ದೂರ ಹಿಡಿದು.

ಕೆಲಸದ ಜಾಗ ತಲುಪಿ, ಅದನ್ನು ಮೆಟ್ಟಿಲ ಕೆಳಗಿಟ್ಟು, ಅಂಗಳದ ನಲ್ಲಿಯಲ್ಲಿ ಕೈಕಾಲು ಉಜ್ಜಿ ಉಜ್ಜಿ ತೊಳೆದೆ. ಮೇಡಂ ಗಡಿಯಾರ ನೋಡಿದರು. ನನ್ನನ್ನು ತಿರುಗಿಸಿದರು. ಜಡೆಯ ಹತ್ತಿರ ಬಗ್ಗಿ ಮೂಸಿದರು.

"ತಡ ಮಾಡ್ಬೇಡ ಇನ್ಮೇಲೆ. ಹೋಗಿ ಕೂತ್ಕೋ."

ಕಿಟಕಿಯ ಪಕ್ಕ ಕೂತೆ. ಬೆರಳುಗಳಿಗೆ ಇನ್ನೂ ಮೀನಿನ ವಾಸನೆ ಇದೆಯೇನೋ ಎಂದು, ಬಿಳಿ ಬಟ್ಟೆಯನ್ನು ಬೆರಳ ತುದಿಯಲ್ಲೇ ಹಿಡಿದು ದಿನವಿಡೀ ಹೊಲಿದೆ.

ಸಂಜೆ ಹೊರಗೆ ಬಂದಾಗ ಅಣ್ಣ ಗೇಟಿನ ಬಳಿ ನನಗೆ ಬೆನ್ನು ಹಾಕಿ ನಿಂತಿದ್ದ. ಅವನ ತಿಳಿನೀಲಿ ಅಂಗಿಯ ಮೇಲೆ ಬೆಲ್ಟಿನಿಂದ ಕಾಲರಿನವರೆಗೆ ಒಣಗಿದ ಕಪ್ಪು ಪಟ್ಟೆ. ಅದರಲ್ಲಿ ಮೀನಿನ ಹುರುಪೆಯೊಂದು ಮಿನುಗುತ್ತಿತ್ತು. ಬೆಳಿಗ್ಗೆ ಹಿಂದಿನ ಸೀಟು ಖಾಲಿಯಿತ್ತಲ್ಲ, ತಡೆಯಲು ನಾನಿರಲಿಲ್ಲ.

"ಮಧ್ಯಾಹ್ನದವರೆಗೂ ಒಬ್ರೂ ಹೇಳ್ಲಿಲ್ಲ ಕಣೇ! ಗಿರಾಕಿಗಳು ಮೂಗು ಮುಚ್ಕೊಂಡು ನಗ್ತಿದ್ರು. ಓನರು ಗೋಡೌನಿಗೆ ಕಳಿಸಿಬಿಟ್ಟ. ಅದೆಲ್ಲಿದೆ, ಮಡ್‌ಗಾರ್ಡು?"

ಮೆಟ್ಟಿಲ ಕಡೆ ಕೈ ತೋರಿಸಿದೆ. ಜಿನುಗು ಮಳೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಅವನು ಅದನ್ನು ಜೋಡಿಸಿದ. ಒಂದೊಂದು ಬೋಲ್ಟನ್ನೂ ಅಲುಗಾಡಿಸಿ ನೋಡಿ ಬಿಗಿದ. ಮಿಷನ್ ಸಿಕ್ಕಿತಾ ಎಂದು ಕೇಳಲಿಲ್ಲ. ಕೈ ಒರೆಸಿಕೊಳ್ಳುತ್ತ ಮುಖ ಕಿವುಚಿದ.

"ಥೂ! ಬೆನ್ನ ಮೇಲೆ ಅದು ಹರಿದಾಗ ಎಷ್ಟು ಅಸಹ್ಯ ಆಗುತ್ತೆ ಗೊತ್ತಾ? ನಿನಗೆಲ್ಲಿ ಅರ್ಥ ಆಗ್ಬೇಕು!"

ನಾನು ಅವನ ಮುಖವನ್ನೇ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ. ಬೈಕ್ ಹತ್ತಿ, ಅವನ ಅಂಗಿ ನನಗೆ ತಾಗದಂತೆ ಹಿಂದಕ್ಕೆ ಸರಿದು, ಸೀಟಿನ ಹಿಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂತೆ.