ಕಾರ್ ಶೆಡ್ಡಿನ ಗಿಲಾವು

"ಏಯ್ ಮುಂಡೇದೇ, ಎಲ್ಲಿಗೆ ನುಗ್ತಿ? ಅದು ನೆಂಟ್ರಿಗೆ ಅಂತ ಮಾಡ್ಸಿರೋ ಕಕ್ಕಸು. ನೀನ್ ಹೋಗಿ ಕುಂತೆದ್ರೆ ಆಮ್ಯಾಲೆ ಅದ್ರೊಳಗೆ ಯಾರ್ ಕಾಲಿಡ್ತಾರೆ?"

ಬಕ್ಕೇಶಪ್ಪ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಇಳಿಸಿದ. ತಿಪ್ಪಮ್ಮ ಸಿಮೆಂಟು ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ನಿಂತಳು.

"ತಡ್ಯಾಕ್ ಆಗ್ತಿಲ್ರಿ ಸಾವ್ಕಾರ್ರೆ. ಹ್ವಾದ ತಿಂಗ್ಳು ಹಿಂಗೇ ಉಚ್ಚೆ ಬಿಗಿಹಿಡ್ದು ಉರಿ ಹತ್ತಿ ಆಸ್ಪತ್ರೆ ಸೇರಿದ್ದೆ."

"ಹಂಗಾರೆ ನಿಮ್ಮೂರಿಗೆ ಹೋಗಿ ಹೊಯ್ಯಿ. ಅಲ್ಲಿ ಬಯಲು ಬೇಕಾದಷ್ಟೈತೆ."

ದೇವರಾಜ ಅರಸು ಬಡಾವಣೆಯಲ್ಲಿ ಬಯಲೆಲ್ಲಿ? ಪಕ್ಕದ ಖಾಲಿ ಸೈಟಿನಲ್ಲೂ ಮನೆ ಎದ್ದಿತ್ತು. ತಿಪ್ಪಮ್ಮ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಆದರೂ ಕಿಬ್ಬೊಟ್ಟೆಯಲ್ಲಿ ಕಲ್ಲು ಕೂತಂತಾಗಿತ್ತು.

ಬಕ್ಕೇಶಪ್ಪನ ಕಾರ್ ಶೆಡ್ಡಿನ ಹೊರಗೋಡೆ ಅವನಪ್ಪನ ಕಾಲದ್ದು. ಸಿಮೆಂಟು ಎರಚಿ ಎರಚಿ ಮಾಡಿದ, ಹಾಗಲಕಾಯಿಯಂಥ ಮೈ. ಉಜ್ಜಿದರೆ ಬೆರಳಗಂಟಿನ ಚರ್ಮ ಕಿತ್ತು ಬರುತ್ತಿತ್ತು. ಅದರ ಮೇಲೆ ನುಣ್ಣಗೆ ಹೊಸ ಗಿಲಾವು ಮಾಡಲು ತಿಪ್ಪಮ್ಮನೂ ಅವಳ ಗಂಡ ಎರ್ರಿಸ್ವಾಮಿಯೂ ಆನಗೋಡಿನಿಂದ ಬರುತ್ತಿದ್ದರು. ಉಬ್ಬುಗಳನ್ನು ಕೆತ್ತಿ, ನೀರು ಹೊಡೆದು, ಹತ್ತಿ ನಿಲ್ಲಲು ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ಬೊಂಬಿನ ಸಾರ್ವೆ ಕಟ್ಟಿದ್ದರು. ಮೊದಲು ಕಾರು ಹೊರಗೆ ನಿಲ್ಲಿಸಿ ಅಂದರೆ, ಬಿಸಿಲಿಗೆ ಬಣ್ಣ ಹೋಗುತ್ತದೆ ಅಂತ ಬಕ್ಕೇಶಪ್ಪ ಕೇಳಿರಲಿಲ್ಲ. ಕಾರು ಒಳಗೇ ಇತ್ತು.

ತಿಪ್ಪಮ್ಮ ಸಾರ್ವೆಯನ್ನೊಮ್ಮೆ, ಒಳಗಿನ ಕಾರನ್ನೊಮ್ಮೆ ನೋಡಿದಳು. ತುಟಿಯಂಚಿನಲ್ಲಿ ಕಳ್ಳನಗೆ ಹಾಯಿತು.

"ನಡಿ" ಎಂದಳು ಗಂಡನಿಗೆ.

"ಎಲ್ಲಿಗೇ?"

"ಊರಿಗೆ. ಉಚ್ಚೆ ಹೊಯ್ಯಾಕೆ. ಸಾವ್ಕಾರ್ರೇ ಹೇಳ್ಯಾರೆ."

ಎರ್ರಿಸ್ವಾಮಿಗೆ ಕೆಲಸ ಹೋಗುವ ಭಯ. ಆದರೆ ಬೆಳಿಗ್ಗೆಯಿಂದ ಅವಳು ಕಾಲು ಹೆಣೆದುಕೊಂಡು ಬುಟ್ಟಿ ಎತ್ತುವುದನ್ನು ಮೇಲಿನಿಂದ ನೋಡಿದ್ದ. ಇಳಿದು ಬಂದು ಕರಣೆ ತೊಳೆದು ಚೀಲಕ್ಕೆ ಹಾಕಿದ.

ಇಬ್ಬರೂ ಗೇಟು ದಾಟುವಷ್ಟರಲ್ಲಿ ಬಕ್ಕೇಶಪ್ಪ ರೇಷ್ಮೆ ಜುಬ್ಬ ತೊಟ್ಟು ಹೊರಬಂದ.

"ಎಲ್ಲಿಗೆ ಹೊಂಟ್ಯೋ ಬೋಳಿಮಗನೇ? ನಾನು ಹರಿಹರಕ್ಕೆ ಹೋಗ್ಬೇಕು. ಬೊಂಬು ಬಿಚ್ಚು!"

"ನೀವೇ ಅಂದ್ರಲ್ರಿ ಊರಿಗೆ ಹೋಗು ಅಂತ" ಎಂದಳು ತಿಪ್ಪಮ್ಮ. "ಬಸ್ ಸಿಕ್ರೆ ಸಂಜಿಗೆ ಬರ್ತೀವಿ."

"ಅಲ್ಲಿ ಮಂದಿ ಕಾಯ್ತೈತೆ! ನಾನ್ ಹೋಗ್ದೆ ಟೇಪು ಕಟ್ ಆಗಂಗಿಲ್ಲ!"

"ಏನ್ ಓಪನಿಂಗ್ರಿ?"

ಬಕ್ಕೇಶಪ್ಪ ಜುಬ್ಬದ ತೋಳು ಸರಿಮಾಡಿಕೊಳ್ಳತೊಡಗಿದ. ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಕಸ್ತೂರಮ್ಮ ಹೇಳಿದಳು:

"ಇಸ್ಕೂಲ್ ಹೆಣ್ಮಕ್ಳಿಗೆ ಕಕ್ಕಸು ಕಟ್ಸಿಕೊಟ್ಟಾರವ್ವ."

ಎದುರುಮನೆಯ ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದವರು ಕಿಸಕ್ಕನೆ ನಕ್ಕರು. ಬಕ್ಕೇಶಪ್ಪ ಸಿಟ್ಟಿನಿಂದ ತಾನೇ ಸಾರ್ವೆಯ ಹಗ್ಗ ಜಗ್ಗಿದ. ಮೇಲಿನ ಹಲಗೆ ಅಲುಗಾಡಿ ಒಂದು ಮುದ್ದೆ ಹಸಿ ಸಿಮೆಂಟು ಜುಬ್ಬದ ಹೆಗಲಿಗೆ ಬಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಬಂದೆ, ಬಂದೆ! ದೊಡ್ಡಬಾತಿ ದಾಟೀನಿ, ಇನ್ನೇನ್ ಹರಿಹರ ಬಂತು!"

ಫೋನಿಟ್ಟವನೇ ಕಕ್ಕಸಿನ ಕೀಲಿಯನ್ನು ನೆಲಕ್ಕೆ ಎಸೆದ. "ಹೋಗಿ ಸಾಯಿ!"

ತಿಪ್ಪಮ್ಮ ಬಗ್ಗಲಿಲ್ಲ. ಅಂಗೈ ಚಾಚಿದಳು. "ಕೈಗೆ ಕೊಡ್ರಿ."

ಮತ್ತೆ ಫೋನು. ಬಕ್ಕೇಶಪ್ಪ ಬಗ್ಗಿ ಕೀಲಿ ಹೆಕ್ಕಿ, ಅವಳ ಸಿಮೆಂಟಿನ ಅಂಗೈಯಲ್ಲಿಟ್ಟ.

ಅವಳು ಒಳಹೋಗಿ ಚಿಲಕ ಹಾಕಿಕೊಂಡಳು. ಎಷ್ಟು ಹೊತ್ತಾದರೂ ಬರಲಿಲ್ಲ.

"ನೀನಾದ್ರೂ ಬಿಚ್ಚೋ, ನಿನ್ನ..."

ಎರ್ರಿಸ್ವಾಮಿ ಕಾಂಪೌಂಡಿಗೆ ಒರಗಿ ಬೀಡಿ ಹಚ್ಚಿದ್ದ. "ಗಂಟು ಹಾಕಿದ್ದು ಅವ್ಳೇರಿ. ಅದು ನನ್ ಕೈಗೆ ಬರಲ್ಲ."

ಒಳಗೆ ಶವರು ಸುರಿಯತೊಡಗಿತು. ನೀರಿನ ಸದ್ದಿನ ನಡುವೆ ತಿಪ್ಪಮ್ಮನ ದನಿ ಕೇಳಿತು:

"ಸಾವ್ಕಾರ್ರೆ, ಸೋಪು ಎಲ್ಲಿಟ್ಟೀರಿ?"

ಕಸ್ತೂರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಬಾಗಿಲ ಹತ್ತಿರ ಬಂದಳು.

"ಕಿಟಕಿ ಮ್ಯಾಲೈತೆ ನೋಡವ್ವ. ಚಂದಾಗಿ ಉಜ್ಕ."