ಬಲಗಡೆಯ ಆಕ್ಸಲ್

ಗಂಡನ ಹೆಸರು ಬಾಯಿಂದ ಹೇಳಬಾರದು ಎಂದು ನಮ್ಮ ಹಟ್ಟಿಯ ಹಿರಿಯರು ಹೇಳುತ್ತಿದ್ದರು. ಬರೆಯಬಾರದು ಎಂದು ಯಾರೂ ಹೇಳಲಿಲ್ಲ. ಆದ್ದರಿಂದ ಬರೆಯುತ್ತೇನೆ: ಜೀಪಿನ ಆಕ್ಸಲ್ ಮುರಿದವರು ನನ್ನ ಗಂಡ ಸಣ್ಣತಿಮ್ಮಪ್ಪ. ಅದು ತಾನಾಗಿ ಮುರಿಯಲಿಲ್ಲ, ರಸ್ತೆಯ ಗುಂಡಿಗೆ ಬಿದ್ದು ಮುರಿಯಲಿಲ್ಲ, ನನ್ನ ತವರಿನವರ ಕಣ್ಣು ತಾಗಿಯೂ ಮುರಿಯಲಿಲ್ಲ. ಈ ಮೂರನ್ನೂ ಅವರು ಒಂದೇ ದಿನ ಮೂರು ಜನರ ಮುಂದೆ ಹೇಳಿದ್ದರಿಂದ ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಇದು ಎಪ್ಪತ್ತೊಂದನೇ ಇಸವಿಯ ಮಾತು. ಶ್ರೀರಾಂಪುರದ ಹತ್ತಿರ ನಮ್ಮ ಹಟ್ಟಿ. ವರ್ಷದಲ್ಲಿ ಎಂಟು ತಿಂಗಳು ನಮ್ಮ ಕುರಿಗಳು ಊರೂರು ತಿರುಗುತ್ತವೆ. ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ದೊಡ್ಡ ಕುರಿಗಳು ನಡೆಯುತ್ತವೆ, ಎಳೆಯ ಮರಿಗಳು ಕತ್ತೆಯ ಮೇಲೆ ಚೀಲದಲ್ಲಿ ಕುಳಿತು ಹೋಗುತ್ತವೆ. ನಮಗೆ ಆರು ಕತ್ತೆಗಳಿದ್ದವು. ಅವುಗಳಲ್ಲಿ ನಾಲ್ಕನ್ನು ಮಾರಿ ನನ್ನ ಗಂಡ ಒಂದು ಹಳೆಯ ಜೀಪು ತಂದರು. ಮಿಲಿಟರಿಯವರು ಹರಾಜು ಹಾಕಿದ್ದು, ಮೂರು ಕೈ ದಾಟಿ ನಮ್ಮ ಅಂಗಳಕ್ಕೆ ಬಂದಿತ್ತು. ಮಂದೆಯ ಯಜಮಾನಿಕೆ ಅವರಣ್ಣ, ಎಂದರೆ ನನ್ನ ಭಾವ ಕರಿಸಿದ್ದಪ್ಪನವರದು. ಅವರು ಜೀಪಿನ ಸುತ್ತ ಒಂದು ಸುತ್ತು ಬಂದು ಹೇಳಿದರು:

"ಕತ್ತೆ ಸತ್ರೆ ಒಂದು ಸಾಯ್ತೈತೆ ಕಣೋ ತಿಮ್ಮ. ಇದು ನಿಂತ್ರೆ ನಾಕೂ ಒಂದೇ ಸಲ ಸತ್ತಂಗೆ."

ಎರಡು ವರ್ಷ ಜೀಪು ನಿಲ್ಲಲಿಲ್ಲ. ಆಮೇಲೆ ಒಂದು ಗುರುವಾರ ನನ್ನ ತಮ್ಮ ಓಬಳೇಶಪ್ಪ ಶೇಂಗಾ ಹೇರಿಕೊಂಡು ಬರುತ್ತಿದ್ದ ಗಾಡಿ ಹಳ್ಳದ ಮರಳಿನಲ್ಲಿ ಹೂತುಕೊಂಡಿತು. ಎತ್ತುಗಳಿಗೆ ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟಿದ್ದರೆ ಅವೇ ಎಳೆಯುತ್ತಿದ್ದವು. ಆದರೆ ಹೆಂಡತಿಯ ತಮ್ಮನ ಎದುರು ಜೀಪಿರುವ ಗಂಡಸು ಸುಮ್ಮನೆ ನಿಲ್ಲುವುದುಂಟೇ? ಹಗ್ಗ ಕಟ್ಟಿ, ಹಿಂದಕ್ಕೆ ಬಂದು, ಒಂದೇ ಸಲಕ್ಕೆ ಜಗ್ಗಿದರು. ಹಿಂದುಗಡೆ ಕಟ್ ಎಂದಿತು. ಜೀಪಿನ ಇಂಜಿನ್ ಕೂಗುತ್ತಿತ್ತು, ಜೀಪು ಮಾತ್ರ ಅಲುಗಲಿಲ್ಲ. ಕೊನೆಗೆ ಎತ್ತುಗಳು ಮೊದಲು ಗಾಡಿಯನ್ನು ಎಳೆದು ದಡ ಮುಟ್ಟಿಸಿದವು, ಆಮೇಲೆ ವಾಪಸು ಬಂದು ಜೀಪನ್ನೂ ನಮ್ಮ ಅಂಗಳದವರೆಗೆ ಎಳೆದು ತಂದವು. ನನ್ನ ತಮ್ಮ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು.

ಹಾಗೆ ಜಗ್ಗಬಾರದೆಂದು ಚಿತ್ರದುರ್ಗದ ಮೆಕ್ಯಾನಿಕ್ ಫಜಲುಲ್ಲಾ ಸಾಹೇಬರು ಜೀಪು ಕೊಂಡ ದಿನವೇ ಹೇಳಿದ್ದರು. "ಇದರ ಎದೆ ಗಟ್ಟಿ ಐತೆ, ಸೊಂಟ ಹಳೇದು. ಝಟ್ಕಾ ಕೊಡಬ್ಯಾಡ್ರಿ," ಎಂದಿದ್ದರು. ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೆ.

ಅದೇ ಸಂಜೆ ಹಿರಿಯೂರಿನ ಕಡೆಯಿಂದ ಭಾವನ ಸುದ್ದಿ ಬಂತು. ಮಂದೆಯಲ್ಲಿ ಮೂವತ್ತೊಂದು ಮರಿಗಳು ಹುಟ್ಟಿವೆ. ಈಗಿರುವ ಹೊಲದ ರೈತ ಸೋಮವಾರ ಬೆಳಿಗ್ಗೆ ನೇಗಿಲು ಹೂಡುತ್ತಾನೆ. ಮಂದೆ ಅಷ್ಟರೊಳಗೆ ಹೊರಟು ಹೊಳಲ್ಕೆರೆ ಕಡೆ ರಂಗಪ್ಪನವರ ಹೊಲಕ್ಕೆ ಹೋಗಬೇಕು. ಭಾನುವಾರ ಸಂಜೆಯೊಳಗೆ ಜೀಪು ತನ್ನಿ.

ಉಳಿದಿದ್ದ ಎರಡು ಕತ್ತೆಗಳು ಹೊರುವುದು ಹನ್ನೆರಡು ಮರಿ. ಮಿಕ್ಕವನ್ನು ದಾರಿಯ ಊರುಗಳಲ್ಲಿ ಕೇಳಿದವರಿಗೆ ಕೊಟ್ಟು ಹೋಗಬೇಕು. ತಾಯಿಯ ಮೊಲೆ ತಪ್ಪಿದ ವಾರದ ಮರಿ ಬದುಕುವುದು ಅಷ್ಟರಲ್ಲೇ ಇದೆ. ಆ ಮೂವತ್ತೊಂದರಲ್ಲಿ ಹನ್ನೊಂದು ನನ್ನವು. ಮದುವೆಯಲ್ಲಿ ತವರಿನವರು ಬಳುವಳಿಯಾಗಿ ಕೊಟ್ಟ ಕುರಿಯ ಸಂತತಿ ಹೆಣ್ಣಿಗೇ ಸೇರಬೇಕು ಎಂಬುದು ನಮ್ಮಲ್ಲಿ ನಡೆದು ಬಂದದ್ದು. ನನ್ನ ಕುರಿಗಳೆಲ್ಲ ಚೊಚ್ಚಲು, ಮರಿಗಳು ಸಣ್ಣವು. ಬಿಟ್ಟು ಹೋಗುವುದಾದರೆ ಮೊದಲು ಬಿಡುವುದು ಸಣ್ಣ ಮರಿಗಳನ್ನೇ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

"ಯಾಕೆ ಮುಖ ಊದಿಸ್ಕಂಡಿದೀಯ? ನಾನೇ ಹೊಸಾ ಆಕ್ಸಲ್ ಹಾಕ್ತೀನಿ," ಎಂದರು ನನ್ನ ಗಂಡ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಆಕ್ಸಲ್ ಎಂದರೆ ಏನೆಂದು ನಾನೂ ಆಗಲೇ ತಿಳಿದುಕೊಂಡದ್ದು. ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಕಬ್ಬಿಣದ ದಪ್ಪ ಕೊಳವೆ, ಕೊಳವೆಯ ಮಧ್ಯೆ ಕುಂಬಳಕಾಯಿಯಂಥ ಒಂದು ಗೇರಿನ ಬುರುಡೆ. ಬುರುಡೆಯಿಂದ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಉಕ್ಕಿನ ಸಲಾಕೆ. ಅದೇ ಆಕ್ಸಲ್. ಚಕ್ರದ ನಡುವಿನ ಆರು ಬೋಲ್ಟು ಬಿಚ್ಚಿದರೆ ಸಲಾಕೆ ಹೊರಗೆ ಜಾರಿ ಬರುತ್ತದೆ. ಬಲಗಡೆಯದನ್ನು ಬಿಚ್ಚಿದಾಗ ಅರ್ಧ ಮಾತ್ರ ಬಂತು. ಮಿಕ್ಕಿದ್ದು ಒಳಗೇ ಬುರುಡೆಯಲ್ಲಿ ಸಿಕ್ಕಿಕೊಂಡಿತ್ತು.

ಶುಕ್ರವಾರ ಬೆಳಿಗ್ಗೆ ಅವರು ಆ ಮುರಿದ ಅರ್ಧವನ್ನು ಕೊಟ್ಟಿಗೆಗೆ ಎಸೆದು, ಎಡಗಡೆಯ ಚೆನ್ನಾಗಿರುವ ಸಲಾಕೆಯನ್ನು ಬಿಚ್ಚಿಕೊಂಡು ಚಿತ್ರದುರ್ಗಕ್ಕೆ ಹೊರಟರು.

"ಮುರಿದಿದ್ದನ್ನ ಬಿಟ್ಟು ಅದನ್ಯಾಕ್ರಿ ಒಯ್ತೀರಿ?" ಎಂದೆ.

"ಎರಡೂ ಒಂದೇ ಅಲ್ವೇನೆ. ಗಾಡಿ ಅಚ್ಚು ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಇರ್ತೈತಾ? ಟಗರಿಗೆ ಒಂದು ಕಾಲು ಉದ್ದ ಇನ್ನೊಂದು ಗಿಡ್ಡ ಇರ್ತೈತಾ?"

ನ್ಯಾಯವಾಗಿ ಹೇಳಬೇಕೆಂದರೆ ನನಗೂ ಅದು ಸರಿ ಎನಿಸಿತು. ಆದರೆ ಅವರು ಒಳ್ಳೆಯದನ್ನೇ ಒಯ್ದದ್ದಕ್ಕೆ ಕಾರಣ ಬೇರೆ. ಮುರಿದದ್ದನ್ನು ಕಂಡರೆ ಫಜಲುಲ್ಲಾ ಸಾಹೇಬರು ಹೇಗೆ ಮುರಿಯಿತು ಎಂದು ಕೇಳುತ್ತಾರಲ್ಲ! "ಇಂಥದೇ ಇನ್ನೊಂದು ಮನೇಲಿರಲಿ ಅಂತ ಕೊಡ್ರಿ" ಎಂದು ಕೇಳಿ, ಜೋಡಿ ಸಲಾಕೆ ಹೆಗಲ ಮೇಲಿಟ್ಟುಕೊಂಡು ಸಂಜೆ ಬಂದರು.

ಹೊಸದನ್ನು ಬಲಗಡೆ ತೂರಿಸಿದರೆ ಒಂದು ಮೊಳಕ್ಕಿಂತ ಹೆಚ್ಚು ಹೊರಗೇ ಉಳಿಯಿತು. "ಒಳಗೆ ತುಂಡು ಕೂತೈತೆ, ಅದಕ್ಕೇ ತಡೀತೈತೆ," ಎಂದು ಬಡಿಗೆ ಹುಡುಕಿದರು. ನಾನು ಬಡಿಗೆಯನ್ನು ಕಿತ್ತುಕೊಂಡು ಬಚ್ಚಿಟ್ಟು, ಕಂಬಳಿ ಹಾಸಿ ಜೀಪಿನ ಕೆಳಗೆ ಅಂಗಾತ ಮಲಗಿದೆ. ಎರಡು ವರ್ಷದಿಂದ ಅವರು ಜೀಪು ನೋಡಿಕೊಳ್ಳುತ್ತೇನೆಂದು ದಿನಾ ಮಲಗುತ್ತಿದ್ದ ಜಾಗವೇ. ಮಲಗಿದ ಕೂಡಲೇ ಕಂಡಿತು. ಕುಂಬಳಕಾಯಿ ನಟ್ಟನಡುವೆ ಇರಲೇ ಇಲ್ಲ, ಬಲಕ್ಕೆ ಸರಿದು ಕೂತಿತ್ತು. ಗೇಣು ಹಾಕಿ ಅಳೆದೆ. ಬಲಗಡೆ ಗಿಡ್ಡ, ಎಡಗಡೆ ಉದ್ದ.

"ನಿಮ್ಮ ಟಗರಿಗೆ ಒಂದು ಕಾಲು ಗಿಡ್ಡ ಐತೆ, ಬಂದು ನೋಡ್ರಿ," ಎಂದೆ.

ಅವರೂ ಬಗ್ಗಿ ನೋಡಿದರು. ಆಮೇಲೆ ಮಣ್ಣಿನಲ್ಲೇ ಕುಳಿತು, "ಇನ್ನೊಂದು ಸಲ ಆ ಸಾಬರ ಮುಂದೆ ಯಾವ ಮುಖ ಇಟ್ಕಂಡು ಹೋಗ್ಲಿ?" ಎಂದರು.

"ನನ್ನ ಮುಖ ಐತಲ್ಲ, ಅದೇ ಹೋಗ್ತೈತೆ."

ಶನಿವಾರ ಮೊದಲ ಬಸ್ಸಿಗೆ ಹತ್ತಿದೆ. ಉದ್ದ ಸಲಾಕೆಯನ್ನು ಕಂಡಕ್ಟರ್ ಸೀಟಿನ ಕೆಳಗೆ ತೂರಿಸಿದ. ಮುರಿದ ಅರ್ಧ ಎಣ್ಣೆ ಎಣ್ಣೆಯಾಗಿದ್ದರಿಂದ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಹೊಸದುರ್ಗ ದಾಟಿದ ಮೇಲೆ ಪಕ್ಕದಲ್ಲಿ ಕುಳಿತ ಒಬ್ಬ ಅಜ್ಜಿ, "ಕೂಸಿಗೆ ಎಷ್ಟು ತಿಂಗಳವ್ವ, ಅಳೋದೇ ಇಲ್ಲ," ಎಂದಳು. "ವಯಸ್ಸಾಗೈತೆ ಕಣಜ್ಜಿ, ಮಿಲಿಟ್ರಿಲಿದ್ದ," ಎಂದೆ. ಅವಳು ಹೊಳಲ್ಕೆರೆಯಲ್ಲಿ ಇಳಿಯುವವರೆಗೆ ನನ್ನ ಕಡೆ ತಿರುಗಲಿಲ್ಲ.

ಫಜಲುಲ್ಲಾ ಸಾಹೇಬರು ಕಂಬಳಿ ಬಿಚ್ಚಿ ನೋಡಿದರು. ಸಲಾಕೆಯ ತುದಿ ಹಿಂಡಿದ ಬಟ್ಟೆಯ ಹಾಗೆ ತಿರುಚಿ ಹೋಗಿತ್ತು.

"ಗಾಡಿ ಜಗ್ಗಿದ್ರಾ?"

"ಹೂಂ. ನನ್ನ ತಮ್ಮನ ಗಾಡಿ."

ಅವರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇಂದಿಗೂ ಗೌರವ. ಉದ್ದದ್ದನ್ನು ವಾಪಸು ಪಡೆದು ಗಿಡ್ಡದ್ದನ್ನು ಕೊಟ್ಟರು. "ನಿನ್ನೇನೇ ಈ ತುಂಡು ತೋರಿಸಿದ್ರೆ ಇಷ್ಟು ತಿರುಗಾಟ ಇರ್ತಿರಲಿಲ್ಲಕ್ಕಾ. ಒಳಗಿನ ಪೀಸು ಬಂತಾ?"

"ಇಲ್ಲ. ಕೈ ಹೋಗಲ್ಲ, ತೂತು ಸಣ್ಣದು."

"ಹಂಗಾರೆ ಬುರುಡೆ ಬಿಚ್ಚಬೇಕು. ಎರಡು ದಿನದ ಕೆಲಸ. ನಾನು ಬರೋದು ಮಂಗಳವಾರ."

ಮಂಗಳವಾರಕ್ಕೆ ನನ್ನ ಮರಿಗಳು ಯಾರ ಮನೆಯಲ್ಲಿರುತ್ತಿದ್ದವೋ. ಬೆಂಚಿನ ಮೇಲೆ ಕುಳಿತುಬಿಟ್ಟೆ. ಆಮೇಲೆ ಆ ತುಂಡು ಒಳಗೆ ಹೇಗೆ ಕೂತಿರುತ್ತದೆ ಎಂದು ಕೇಳಿದೆ. ಅವರು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಒಂದು ಗೇಣಿನಷ್ಟು ತುಂಡು, ಅದರ ಹಲ್ಲುಗಳು ಗೇರಿನ ಹಲ್ಲುಗಳಲ್ಲಿ ಕಚ್ಚಿಕೊಂಡಿವೆ, ಮುರಿದ ತುದಿ ನಮ್ಮ ಕಡೆಗಿದೆ. ನೋಡುತ್ತ ನೋಡುತ್ತ ನನಗೆ ಅದು ಆಕ್ಸಲ್ಲಾಗಿ ಕಾಣಲಿಲ್ಲ. ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮರಿಯ ಕಾಲಾಗಿ ಕಂಡಿತು. ಅಂಥ ಮರಿಗಳನ್ನು ನಾನು ಹನ್ನೆರಡನೇ ವಯಸ್ಸಿನಿಂದ ಎಳೆಯುತ್ತಿದ್ದೇನೆ.

"ಎಳೀರಿ ನೋಡಾಣ," ಎಂದರು ಸಾಹೇಬರು. "ಬಂದ್ರೆ ಎರಡು ತುಂಡನ್ನೂ ಜೋಡಿಸಿ ನೋಡ್ರಿ. ಒಂದು ಚೂರು ಕಮ್ಮಿಯಾದ್ರೂ ಅದು ಒಳಗೈತೆ ಅಂತ ಅರ್ಥ, ಗೇರು ತಿಂದ್ಬಿಡ್ತೈತೆ."

ಕುರಿ ಈದಾಗ ಮಾಸಿನ ಕಸ ಪೂರ್ತಿ ಬಿತ್ತೇ ಎಂದು ನೋಡುವವಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಶುರುಮಾಡಿದೆವು. ಸೈಕಲ್ ಬ್ರೇಕಿನ ತಂತಿಯನ್ನು ಎರಡು ಮಡಿಕೆ ಮಾಡಿ, ಒಲೆಯ ಊದುಗೊಳವೆಯೊಳಗೆ ತೂರಿಸಿ, ಆಚೆ ತುದಿಗೆ ಕುಣಿಕೆ ಬರುವ ಹಾಗೆ ಮಾಡಿದೆ. ಗಂಡ ಬ್ಯಾಟರಿ ಬೆಳಕು ಬಿಟ್ಟರು, ನಾನು ಕೊಳವೆಯನ್ನು ತೂತಿನೊಳಗೆ ತಳ್ಳಿ ಕುಣಿಕೆಯನ್ನು ತುಂಡಿನ ಮೂತಿಗೆ ಹಾಕಿ ಬಿಗಿದೆ. ಎಳೆದರೆ ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಎಣ್ಣೆಯಲ್ಲಿ ಬರೀ ತಂತಿ ಹಿಡಿಯುವುದಿಲ್ಲ. ಮರಿಯ ಕಾಲಿಗೂ ನಾವು ಬರೀ ದಾರ ಹಾಕುವುದಿಲ್ಲ, ಆಡಿನ ಕೂದಲಿನ ದಾರ ಹಾಕುತ್ತೇವೆ. ಅದು ಒರಟು, ಒದ್ದೆಯಾದಷ್ಟೂ ಬಿಗಿಯುತ್ತದೆ. ಅದನ್ನೇ ಕುಣಿಕೆಗೆ ಒತ್ತೊತ್ತಾಗಿ ಸುತ್ತಿದೆ.

ಈ ಸಲ ಹಿಡಿಯಿತು. ಆದರೆ ಬರಲಿಲ್ಲ. ನನ್ನ ಗಂಡ ಇನ್ನೂ ಜೋರಾಗಿ ಎಳೆ ಎಂದರು. ಅವರ ಕೈಗೆ ತಂತಿ ಕೊಡದೇ ಇದ್ದದ್ದು ನಾನು ಆ ವಾರ ಮಾಡಿದ ಅತ್ಯಂತ ಒಳ್ಳೆಯ ಕೆಲಸ.

"ಜಗ್ಗಿದ್ದಕ್ಕೇ ಅಲ್ವೇನ್ರಿ ಮುರಿದಿದ್ದು? ಕುರಿ ತಿಣುಕಿದಾಗ ಎಳೀಬೇಕು, ಸುಮ್ನಿದ್ದಾಗ ಎಳೆದ್ರೆ ಹರೀತೈತೆ. ಎಡಗಡೆ ಆಕ್ಸಲ್ ಹಾಕಿ ಆ ಚಕ್ರ ಮೇಲಕ್ಕೆತ್ರಿ. ನಾನು ಹೇಳ್ದಾಗ ಹಿಂದಕ್ಕೆ ಮುಂದಕ್ಕೆ ತಿರುಗಿಸ್ರಿ. ಅದೇ ತಿಣುಕೋದು."

ಅವರು ಜಾಕಿ ಹಾಕಿದರು. ಎಡಚಕ್ರ ತಿರುಗಿದರೆ ಒಳಗಿನ ಗೇರು ತಿರುಗಿ, ಬಲಗಡೆಯ ತುಂಡೂ ಅಲ್ಲಾಡಿತು. ಅದು ನನ್ನ ಬೆರಳಿಗೆ ಗೊತ್ತಾಯಿತು. ಹಿಂದಕ್ಕೆ ಅಂದೆ, ಕಾದೆ. ಮುಂದಕ್ಕೆ ಅಂದೆ, ಎಳೆದೆ. ಎಂಟು ಸಲವೋ ಹತ್ತು ಸಲವೋ ಆಯಿತು. ಇದ್ದಕ್ಕಿದ್ದಂತೆ ತಂತಿ ಸಡಿಲವಾಗಿ ನಾನು ಹಿಂದಕ್ಕೆ ಬಿದ್ದೆ. ನನ್ನ ಮಡಿಲಲ್ಲಿ ಕಪ್ಪು ಎಣ್ಣೆ ಸುರಿಸುತ್ತ ಒಂದು ಗೇಣುದ್ದದ ಕಬ್ಬಿಣ ಬಂದು ಕೂತಿತ್ತು.

"ಗಂಡೋ ಹೆಣ್ಣೋ?" ಎಂದರು ನನ್ನ ಗಂಡ. ಮೂರು ದಿನದಿಂದ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಎರಡು ತುಂಡನ್ನೂ ಜೋಡಿಸಿದೆ. ಒಂದು ಸಾಸಿವೆಯಷ್ಟೂ ಕಮ್ಮಿ ಇರಲಿಲ್ಲ. ಎಣ್ಣೆ ಸೋರದಂತೆ ಚಕ್ರಕ್ಕೂ ಸಲಾಕೆಯ ತಲೆಗೂ ನಡುವೆ ಹಾಕಲು ದಪ್ಪ ಕಾಗದ ಬೇಕಿತ್ತು, ಹಳೆಯ ಲಗ್ನಪತ್ರಿಕೆಯನ್ನು ಕತ್ತರಿಸಿ ಹಾಕಿದೆ. ಗಿಡ್ಡ ಆಕ್ಸಲ್ ತೂರಿಸಿ ಸ್ವಲ್ಪ ಹೊರಳಿಸಿದರೆ, ಹಲ್ಲಿಗೆ ಹಲ್ಲು ಕೂತು ತಾನಾಗಿ ಒಳಗೆ ಹೋಯಿತು. ಅವರು ಆರು ಬೋಲ್ಟು ಬಿಗಿದು, ಎಣ್ಣೆ ತುಂಬಿಸಿ, ಕ್ಲಚ್ಚನ್ನು ಮೊಟ್ಟೆಯನ್ನು ನೆಲದ ಮೇಲಿಡುವ ಹಾಗೆ ಮೆಲ್ಲಗೆ ಬಿಟ್ಟರು. ಜೀಪು ಹೊರಟಿತು.

ಮಂದೆಯಿದ್ದ ಹೊಲ ಮುಟ್ಟುವಾಗ ಹೊತ್ತು ಮುಳುಗಲು ಇನ್ನೂ ಒಂದು ಮಾರು ಇತ್ತು. ಎರಡು ಕತ್ತೆಗಳಿಗೂ ಚೀಲ ಕಟ್ಟಿ ಸಿದ್ಧ ಮಾಡಿದ್ದರು. ಸ್ವಲ್ಪ ದೂರದಲ್ಲಿ ಹೊಂಗೆ ಮರದ ಕೆಳಗೆ ಕೆಲವು ಮರಿಗಳನ್ನು ಬೇರೆಯಾಗಿ ಕಟ್ಟಿದ್ದರು. ನೋಡಿದೆ. ಹನ್ನೊಂದೂ ನನ್ನವೇ ಇದ್ದವು, ಜೊತೆಗೆ ಇನ್ನೆಂಟು. ದಾರಿಯಲ್ಲಿ ಕೊಟ್ಟು ಹೋಗಲೆಂದು ಭಾವ ಆರಿಸಿಟ್ಟವು ಅವು. ನಾನು ಭಾವನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೂ ಒಂದೊಂದೇ ಮರಿಯನ್ನು ಎತ್ತಿ ಜೀಪಿಗೆ ಹಾಕುವಾಗ ಕಣ್ಣೀರು ತಡೆಯಲಾಗಲಿಲ್ಲ. ನನಗೆ ಅಷ್ಟು ಸಂತೋಷವಾಗಿತ್ತು.

ಭಾವ ಜೀಪಿನ ಹಿಂದೆ ಬಗ್ಗಿ ನೋಡಿ, "ಏನಾಗಿತ್ತಪ್ಪ ಇದಕ್ಕೆ?" ಎಂದು ತಮ್ಮನನ್ನು ಕೇಳಿದರು.

ನಾನು ಮರಿ ಹಿಡಿದುಕೊಂಡೇ ನಿಂತೆ. ತಾನಾಗಿ ಮುರಿಯಿತೋ, ಗುಂಡಿಯೋ, ಕಣ್ಣು ತಾಗಿತೋ, ಯಾವುದು ಬರುತ್ತದೋ ನೋಡೋಣ ಎಂದುಕೊಂಡೆ.

"ನಾನೇ ಮುರ್ದೆ ಕಣಣ್ಣ," ಎಂದರು ನನ್ನ ಗಂಡ. "ಭಾಮೈದನ ಮುಂದೆ ಜಂಭ ಮಾಡಾಕೋಗಿ ಮುರ್ದೆ. ತಪ್ಪು ಅಳತೆದು ತಂದೋನೂ ನಾನೇ. ಸರಿ ಮಾಡ್ದೋಳು ಇವಳು, ನಿಂಗಿ."

ಭಾವ ಜೀಪಿನೊಳಗೆ ಬಿದ್ದಿದ್ದ ಮುರಿದ ಆಕ್ಸಲ್ಲಿನ ಉದ್ದ ತುಂಡನ್ನು ಕೈಗೆತ್ತಿಕೊಂಡು ತೂಗಿ ನೋಡಿದರು. ನೆಲಕ್ಕೆ ನಾಟಿ ಕಲ್ಲಿನಿಂದ ನಾಲ್ಕು ಏಟು ಹೊಡೆದು ದೊಡ್ಡ ಟಗರನ್ನು ಅದಕ್ಕೆ ಕಟ್ಟಿದರು. ಟಗರು ಜಗ್ಗಿತು, ಗೂಟ ಅಲ್ಲಾಡಲಿಲ್ಲ.

"ಈಗ ಗಟ್ಟಿ ಐತೆ," ಎಂದರು.

ಆ ಗೂಟ ಅಂದಿನಿಂದ ಮಂದೆಯ ಜೊತೆಗೇ ತಿರುಗುತ್ತಿದೆ. ಹೊಸ ಊರಿಗೆ ಹೋದಾಗ ರೈತರು ಇದೇನು ಗೂಟ, ಎಲ್ಲಿಂದ ಬಂತು ಎಂದು ಕೇಳುತ್ತಾರೆ. ನನ್ನ ಗಂಡ ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ ನಿಜ ಹೇಳುತ್ತಾರೆ.