ಮುಳ್ಳು ಅಲುಗಿದರೆ ಕೈ ಹಾಕಬಾರದು

ಉಪಗ್ರಹ ಮರೆಯಾಗಲು ಒಂಬತ್ತು ನಿಮಿಷ ಉಳಿದಿತ್ತು. ಮುಂದಿನದು ಬರುವುದು ಸಂಜೆಗೆ. ನೀರು ತುಂಬುತ್ತಿದ್ದ ಮೀನುದೋಣಿಯಲ್ಲಿ ನನ್ನ ಅಪ್ಪ ಮತ್ತು ತಮ್ಮ ಇದ್ದರು. ಅವರ ಕೈಲಿದ್ದ ಪುಟ್ಟ ಯಂತ್ರ ಉಪಗ್ರಹದ ಮೂಲಕ ಕಳಿಸುವ ಸಂದೇಶವನ್ನು ದಡದ ಕೇಂದ್ರದಲ್ಲಿ ಹಿಡಿಯುವ ಕೆಲಸ ನನ್ನದು. ಇಂಥ ದಿನವೇ ನನ್ನ ಪಾಳಿ ಬರಬೇಕೇ?

ಮೂರು ಸಂದೇಶ ಬಂದಿದ್ದವು. ಮೂರನೆಯದರಲ್ಲಿ ‘ಜನ ಇಬ್ಬರು’ ಎಂದಿತ್ತು, ಜಾಗದ ಅಂಕಿಗಳು ಅರ್ಧಕ್ಕೇ ನಿಂತಿದ್ದವು. ಅವು ಪೂರ್ತಿ ಸಿಗದೆ ರಕ್ಷಣಾ ಹಡಗು ಯಾವ ದಿಕ್ಕಿಗೆ ಹೋಗಬೇಕು?

ಮಟಮಟ ಮಧ್ಯಾಹ್ನ. ಉಪಗ್ರಹ ಬಾನಂಚಿಗೆ ಇಳಿದಷ್ಟೂ ಅದರ ಸಂಕೇತ ಹೆಚ್ಚು ಗಾಳಿಯನ್ನು ಹಾದು ಬರಬೇಕು. ಕಾದ ನೆಲದ ಮೇಲೆ ಆ ಗಾಳಿ ಹೊಯ್ದಾಡುತ್ತದೆ. ಉರಿಯುವ ಒಲೆಯ ಆಚೆಗಿನ ಗೋಡೆ ನಡುಗಿದಂತೆ ಕಾಣುವುದಿಲ್ಲವೇ, ಹಾಗೆ. ಸಂಕೇತದ ಬಲ ತೋರಿಸುವ ಮೀಟರಿನ ಮುಳ್ಳು ಏರುತ್ತದೆ, ಬೀಳುತ್ತದೆ. ಆಗ ಆಂಟೆನಾದ ತಟ್ಟೆಯನ್ನು ಮುಟ್ಟಬಾರದು, ಅದು ಸರಿಯಾಗಿಯೇ ನೋಡುತ್ತಿರುತ್ತದೆ. ಹೊಸಬರಿಗೆ ಈ ಪಾಠ ಹೇಳುವವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮುಳ್ಳು ಸೊನ್ನೆಗೆ ಬಿತ್ತು. ಏಳಲಿಲ್ಲ. ಯೋಚಿಸುವ ಮೊದಲೇ ಕೈ ತಟ್ಟೆಯನ್ನು ಎಡಕ್ಕೆ ತಿರುಗಿಸಿತ್ತು, ಮತ್ತೆ ಬಲಕ್ಕೆ.

“ಕೈ ತೆಗಿಯಮ್ಮ,” ಎಂದರು ಪಕ್ಕದ ಕುರ್ಚಿಯಲ್ಲಿದ್ದ ಪಾಳಿಯ ಹಿರಿಯರು. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. “ಉಪಗ್ರಹ ಎಲ್ಲೂ ಓಡಿಹೋಗಿರ್ಲಿಲ್ಲ. ಗಾಳಿ ಆಡಿಸ್ತಿತ್ತು ಅಷ್ಟೆ. ಈಗ ನೀನೇ ದಾರಿ ತಪ್ಪಿಸಿದೆ.”

“ಹೋಯ್ತು ಅನ್ನಿಸ್ತು ಮೇಷ್ಟ್ರೇ.”

“ಗೊತ್ತು. ಕೈ ಮೇಲೆ ಕೂತ್ಕೋ.”

ತಟ್ಟೆಯನ್ನು ಮತ್ತೆ ದಾರಿಗೆ ತರಲು ಅವರಿಗೆ ನಲವತ್ತು ಸೆಕೆಂಡು ಹಿಡಿಯಿತು. ನಾನು ನಿಜಕ್ಕೂ ಕೈಗಳನ್ನು ತೊಡೆಯಡಿ ಇಟ್ಟು ಕೂತೆ. ಮುಳ್ಳು ಬಿದ್ದಾಗಲೆಲ್ಲ ಬೆರಳುಗಳು ಮಿಸುಕಾಡುತ್ತಿದ್ದವು.

ಕೊನೆಯ ನಿಮಿಷದಲ್ಲಿ ಸಂದೇಶ ಬಂತು. ಜಾಗದ ಅಂಕಿಗಳು ಒಂದೂ ತಪ್ಪದೆ ಇದ್ದವು. ಮೇಷ್ಟ್ರು ಹಡಗಿನವರಿಗೆ ಓದಿ ಹೇಳಿದರು, ಅವರು ಹೊರಟೆವು ಎಂದರು. ಆಮೇಲೆಯೇ ನಾನು ಮೇಲಿನ ಸಾಲು ನೋಡಿದ್ದು.

‘ಸಂದೇಶ ಐದು. ಜನ ಒಬ್ಬರು.’

ನಾಲ್ಕನೆಯದು ಆ ನಲವತ್ತು ಸೆಕೆಂಡಿನಲ್ಲಿ ಹೋಗಿಬಿಟ್ಟಿತ್ತು. ಉಳಿದವರು ಯಾರೆಂದು ಬರೆದಿದ್ದರೆ ಅದರಲ್ಲೇ ಬರೆದಿರಬೇಕು. ಅಪ್ಪನೋ, ತಮ್ಮನೋ? ಒಬ್ಬರು ಉಳಿಯಲಿ ಎಂದು ಬೇಡಿಕೊಳ್ಳಲು ಹೋದರೆ ಇನ್ನೊಬ್ಬರನ್ನು ಬಿಟ್ಟುಕೊಟ್ಟಂತಾಗುತ್ತಿತ್ತು.

ಫೋನು ಹೊಡೆದುಕೊಂಡಿತು. ಅಮ್ಮ.

“ಜಾಗ ಸಿಕ್ತೇನೇ?”

“ಸಿಕ್ತಮ್ಮ. ಹಡಗು ಹೊರಟಿದೆ.”

“ಅಬ್ಬ, ಹೋದ ಜೀವ ಬಂದಂಗಾಯ್ತು. ಇಬ್ಬರಿಗೂ ಒಣಬಟ್ಟೆ ತೆಗೆದಿಡ್ತೀನಿ.”

ಮೇಷ್ಟ್ರು ನನ್ನ ಮುಖ ನೋಡುತ್ತಿದ್ದರು.

“ತೆಗೆದಿಡಮ್ಮ,” ಎಂದೆ.